ಮೈದುನನ ಟಿ.ಸಿ.

ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು ಯಾರು, ಹೊಡೆಯುವವನು ಯಾರು ಎಂಬುದು ನನ್ನ ಮೈದುನನಿಗೆ ಇಂದಿಗೂ ಗೊತ್ತಿಲ್ಲ. ಆದರೆ ಎಂಬತ್ತರ ದಶಕದ ಸ್ಯಾನ್ ಮಟಿಯೋದಲ್ಲಿ, ಆಟಗಾರನೊಬ್ಬ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರುವ ನಿಯಮಗಳ ವಿಷಯದಲ್ಲಿ ಅವನಂಥ ಪಂಡಿತ ಮತ್ತೊಬ್ಬನಿರಲಿಲ್ಲ!

ಮೈಸೂರಿನ ಕಾಲೇಜೊಂದರ ಆಫೀಸಿನಲ್ಲಿ ಮೂವತ್ತು ವರ್ಷ ವರ್ಗಾವಣೆ ಪತ್ರ, ಅಂದರೆ ಟಿ.ಸಿ., ಬರೆದ ಕೈ ಅವನದು. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಒಬ್ಬನೇ ಏಕಿರಬೇಕೆಂದು ನಾವೇ ಗ್ರೀನ್ ಕಾರ್ಡು ಮಾಡಿಸಿ ಕರೆಸಿಕೊಂಡೆವು. ನಾನೋ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ಐದಕ್ಕೆ ಕಾಫಿ, ಏಳಕ್ಕೆ ತಿಂಡಿ, ಒಂಬತ್ತೂವರೆಗೆ ದೀಪ ಆರಬೇಕು. ನನ್ನ ಒಲೆಯ ಹತ್ತಿರ ಯಾರೂ ಸುಳಿಯುವಂತಿಲ್ಲ. ಬಂದ ಮೊದಲ ವಾರ ಪಾಪ, ತಾನು ಕುಡಿದ ಲೋಟ ತೊಳೆಯಲು ಹೋದ. "ಇಡಯ್ಯಾ ಕೆಳಗೆ!" ಎಂದೆ. ಇಟ್ಟ. ಆಮೇಲೆ ಅವನಿಗೆ ಮಾಡಲು ಏನಿತ್ತು?

ಪಕ್ಕದ ಮನೆಯ ಡೇವ್ ಇದ್ದನಲ್ಲ! ದೂರದ ಕಾಲೇಜಿಗೆ ಬೇಸ್‌ಬಾಲ್ ಆಡುತ್ತಿದ್ದವನು, ಆ ವರ್ಷ ಅದನ್ನು ನಡುವೆಯೇ ಬಿಟ್ಟು ಮನೆಗೆ ಹತ್ತಿರದ ಕಾಲೇಜು ಸೇರಿದ್ದ. ಮೈದುನ ಬೇಲಿಯ ಬಳಿ ನಿಂತು ತನ್ನ ಆಫೀಸು ಇಂಗ್ಲಿಷಿನಲ್ಲಿ ಕೇಳಿದ, ಟಿ.ಸಿ. ತಂದೆಯಾ ಎಂದು.

"ವಾಟ್ಸ್ ದಟ್?" ಎಂದ ಡೇವ್.

ಅಂದು ಮೈದುನನಿಗೆ ಅನ್ನ ಸೇರಲಿಲ್ಲ. "ಇಷ್ಟು ದೊಡ್ಡ ದೇಶ ಅತ್ತಿಗೆ, ಒಂದು ಟಿ.ಸಿ. ಇಲ್ಲ ಅಂದ್ರೆ! ಹುಡುಗನ ನಡತೆ ಹೇಗೇಂತ ಯಾರನ್ನ ಕೇಳ್ತಾರೆ?"

ಮರುದಿನ ತಾನೇ ಕೂತು ಒಂದನ್ನು ಬರೆದ. ಗುರುತಿನ ಮಚ್ಚೆಯ ಕಾಲಂ ಬಂತು. ಡೇವ್ ನಿಜಕ್ಕೂ ಸಾಧು. ತೋಳು ಮಡಿಸಿ ಒಂದು, ಕುತ್ತಿಗೆ ಬಗ್ಗಿಸಿ ಇನ್ನೊಂದು ತೋರಿಸಿದ. ಕಿಟಕಿಯಿಂದ ಇದನ್ನೆಲ್ಲ ನೋಡಿದ ಅವನ ತಾಯಿ ನನಗೆ ಫೋನು ಮಾಡಿ, ನಿಮ್ಮ ಮೈದುನ ಚರ್ಮದ ಡಾಕ್ಟರಾ ಎಂದು ಕೇಳಿದಳು!

ಅದಕ್ಕೆ ಪ್ರತಿಯಾಗಿ ಡೇವ್ ಅವನಿಗೆ ಆಟಗಾರರ ನಿಯಮಗಳ ಪುಸ್ತಕ ತಂದುಕೊಟ್ಟ. ಕೇಳಬೇಕೆ? ದಿನಾ ಸ್ನಾನ ಮಾಡಿ ಪಾರಾಯಣ! ಎರಡು ವರ್ಷದ ಕಾಲೇಜನ್ನು ಸರಿಯಾಗಿ ಮುಗಿಸಿ ಬಂದವನು ಕೂಡಲೇ ಆಡಬಹುದಂತೆ. ಡೇವ್‌ನಂತೆ ನಡುವೆ ಬಿಟ್ಟು ಬಂದವನು ಒಂದು ವರ್ಷ ಅಭ್ಯಾಸ ಮಾಡಬಹುದು, ಪಂದ್ಯ ಆಡುವಂತಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕುವಾಗಲೂ ಇದೇ ಪಾಠ.

ಒಮ್ಮೆ ಪಂದ್ಯಕ್ಕೂ ಹೋದೆವು. ಜನವೆಲ್ಲ ಎದ್ದು ಕೂಗುತ್ತಿದೆ, ಹೊಡೆದ ಚೆಂಡು ಉರುಳುತ್ತ ಇವನ ಕಾಲ ಬಳಿಯೇ ಬಂದಿದೆ. ಇವನು ಅದನ್ನು ಚಪ್ಪಲಿಯಿಂದ ಪಕ್ಕಕ್ಕೆ ಸರಿಸಿ, ಬೆಂಚಿನ ಕಡೆಯೇ ನೋಡುತ್ತಿದ್ದ.

"ಆಡದವರನ್ನ ನೋಡೋಕೆ ಬಂದವನು ನೀನೊಬ್ಬನೇ ಕಣಯ್ಯಾ!"

"ಡೇವ್‌ದೂ ನಂದೂ ಒಂದೇ ಕೇಸು ಅತ್ತಿಗೆ," ಎಂದು ನಕ್ಕ. "ಲೆಕ್ಕಕ್ಕುಂಟು, ಆಟಕ್ಕಿಲ್ಲ."

ನಾನೂ ನಕ್ಕುಬಿಟ್ಟೆ. ನನಗಾದರೂ ಬುದ್ಧಿ ಬೇಡವೇ?

ವರ್ಷ ಕಳೆಯಿತು. ಡೇವ್ ಮೊದಲ ಪಂದ್ಯ ಆಡಲಿದ್ದ ದಿನ, ಬೆಳಗಿನ ಕಾಫಿ ಲೋಟದ ಪಕ್ಕದಲ್ಲಿ ಒಂದು ಟಿ.ಸಿ. ಇತ್ತು. ಹೆಸರು ಮೈದುನನದೇ. ಮಚ್ಚೆ ಎರಡು. ಬಿಡಲು ಕಾರಣ: 'ಇಲ್ಲಿ ಕೆಲಸವಿಲ್ಲ.' ನಡತೆಯ ಕಾಲಂ ಖಾಲಿ.

"ಇದೇನಯ್ಯಾ?"

"ಮೈಸೂರಿಗೇ ಹೋಗ್ತೀನಿ ಅತ್ತಿಗೆ. ಒಂದು ರೂಮು ಸಾಕು ನಂಗೆ. ನಡತೆ ಒಂದು ನೀವು ತುಂಬಿಬಿಡಿ."

ಮೂವತ್ತು ವರ್ಷ ರೋಗಿಗಳ ಚಾರ್ಟು ತುಂಬಿದವಳು ನಾನು, ಪೆನ್ನು ತೆಗೆದುಕೊಂಡೆ. 'ಉತ್ತಮ' ಎಂದು ಬರೆದೆ. ಕೆಳಗೆ ದಪ್ಪ ಅಕ್ಷರದಲ್ಲಿ, 'ಟಿ.ಸಿ. ಕೊಡಲಾಗುವುದಿಲ್ಲ.'

"ಯಾವ ನಿಯಮದ ಪ್ರಕಾರ?" ಎಂದ. ಗುಮಾಸ್ತ ನೋಡಿ!

"ನಿನ್ನ ಪುಸ್ತಕದ ಪ್ರಕಾರವೇ. ವರ್ಷ ಆಯ್ತಲ್ಲ? ನಾಳೆ ಐದು ಗಂಟೆ ಕಾಫಿ ನೀನು ಮಾಡೋದು."

ಮರುದಿನ ಕಾಫಿ ಬಂದಾಗ ಐದೂವರೆ ದಾಟಿತ್ತು. ಮನೆಯೆಲ್ಲ ಹಾಲು ಉಕ್ಕಿದ ವಾಸನೆ. ನಾನು ಗಡಿಯಾರದ ಕಡೆ ನೋಡಲಿಲ್ಲ.