ಹೆಂಡತಿಯ ಬೊಂಬೆಗಳು, ನನ್ನ ಉಳಿ ಸುತ್ತಿಗೆ

ಮನೆಗೆ ಬೇಕಾದ ಮರದ ಸಾಮಾನನ್ನು ತಾನೇ ಮಾಡಿಕೊಳ್ಳುವ ಗೃಹಸ್ಥನ ಮನೆಯಲ್ಲಿ ಜನ ಆಗಾಗ ಎದೆ ಹಿಡಿದುಕೊಂಡು ನಿಂತುಬಿಡುತ್ತಾರೆ. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮರ ಅದರ ಪಾಡಿಗೆ ಇರುತ್ತದೆ, ನಾನು ನನ್ನ ಪಾಡಿಗೆ ಇರುತ್ತೇನೆ. ಗಾಬರಿಯಾಗುವವರು ಯಾವಾಗಲೂ ಮೂರನೆಯವರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಯಡಿಯೂರಿನಲ್ಲಿ ಬಾಡಿಗೆಗೆ ಇದ್ದೆವು. ಜಯನಗರದಲ್ಲಿ ನಮ್ಮದೊಂದು ನಿವೇಶನ, ಅದರ ಮೇಲೆ ಬಹಳ ನಿಧಾನವಾಗಿ ಏಳುತ್ತಿದ್ದ ಗೋಡೆಗಳು. ಆ ಹೊಸ ಮನೆಯಲ್ಲಿ ನನ್ನ ಹೆಂಡತಿ ಬಯಸಿದ್ದು ಒಂದೇ ಒಂದು. ಅವಳ ತಾಯಿ ಮದುವೆಯಲ್ಲಿ ಕೊಟ್ಟ ಪಟ್ಟದ ಬೊಂಬೆಗಳಿದ್ದವು. ರಕ್ತಚಂದನದ ರಾಜ, ರಾಣಿ, ಜೊತೆಗೆ ಪರಿವಾರ. ಪ್ರತಿ ದಸರೆಗೂ ಅವನ್ನು ಟ್ರಂಕಿನಿಂದ ತೆಗೆದು, ಸೀಮೆಎಣ್ಣೆ ಡಬ್ಬಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಮೇಲೆ ಪಂಚೆ ಹಾಸಿ ಕೂರಿಸುತ್ತಿದ್ದಳು.

"ಸ್ವಂತ ಮನೇಲಾದ್ರೂ ಬೊಂಬೆಗೆ ಮರದ ಮೆಟ್ಟಿಲು ಆಗ್ಲಿ ರೀ. ಆಚಾರಿನ ಕರೆಸಿ ಮಾಡ್ಸಿ. ಮೊದಲ ದಸರೆಗೆ ಅಮ್ಮ ಬರ್ತಾಳೆ" ಎಂದಳು.

"ಆಚಾರಿ ಯಾಕೆ? ನಾನಿಲ್ವಾ?" ಎಂದೆ.

ಅವಳು ಎದೆ ಹಿಡಿದುಕೊಂಡಳು. ಅದೇ ಮೊದಲ ಸಲ.

"ಅಜ್ಜಿ ಕಾಲದ ಬೊಂಬೆ. ಒಂದು ಬೆರಳು ಮುರಿದ್ರೂ ನಾನು ಅಮ್ಮನಿಗೆ ಮುಖ ತೋರಿಸೋಕಾಗಲ್ಲ."

ನಾನು ದುಡುಕುವವನಲ್ಲ. ಮೊದಲು ಬೇರೆ ಸಾಮಾನು ಮಾಡಿ ಕೈ ಪಳಗಿಸಿಕೊಂಡು, ಕಡೆಗೆ ಬೊಂಬೆಯ ಮೆಟ್ಟಿಲಿಗೆ ಕೈ ಹಾಕುವುದು ಎಂದು ಒಪ್ಪಂದವಾಯಿತು. ಮುಂದಿನದೆಲ್ಲ ಆ ಅಭ್ಯಾಸದ ವಿವರ.

೧. ಊರು ಬಿಡದ ಟೇಬಲ್ಲು

ಯಡಿಯೂರಿನ ನಮ್ಮ ಮನೆಯ ಮಾಲೀಕರು ಆ ಊರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಹೊಲದ ಅಭ್ಯಾಸ ಬಿಡುವುದುಂಟೆ? ನೆಲ ತೊಳೆದರೆ ನೀರು ತಾನಾಗಿ ಬಚ್ಚಲಿಗೆ ಹರಿಯಲೆಂದು ಇಡೀ ಮನೆಗೆ ವಾಟ ಕೊಟ್ಟಿದ್ದರು.

ನನ್ನ ಮೊದಲ ಕೃತಿ, ಬರೆಯುವ ಟೇಬಲ್ಲು, ಆ ಮನೆಯಲ್ಲಿ ಹುಟ್ಟಿತು. ಮೊದಲು ಅಲ್ಲಾಡಿತು. ಒಂದೊಂದು ಕಾಲನ್ನೂ ಸ್ವಲ್ಪಸ್ವಲ್ಪವೇ ಕೊಯ್ದು, ಇಂಕಿನ ಬಾಟಲಿ ಇಟ್ಟು ನೋಡಿ, ಮತ್ತೆ ಕೊಯ್ದು, ಕೊನೆಗೆ ಬಾಟಲಿ ಇಟ್ಟಲ್ಲೇ ನಿಲ್ಲುವಂತೆ ಮಾಡಿದೆ. ಹೆಂಡತಿ ಕೂಡ "ಪರವಾಗಿಲ್ಲ" ಎಂದಳು. ನಮ್ಮ ದಾಂಪತ್ಯದಲ್ಲಿ ಅದು ದೊಡ್ಡ ಮಾತು.

ಜಯನಗರದ ಮನೆ ಮುಗಿದು ಟೇಬಲ್ಲನ್ನು ಅಲ್ಲಿಗೆ ಸಾಗಿಸಿದೆವು. ಕೆಂಪು ಗಾರೆಯ ಹೊಸ ನೆಲದ ಮೇಲೆ ಇಟ್ಟ ಕೂಡಲೇ ಅದು ಯಾರಿಗೋ ನಮಸ್ಕಾರ ಮಾಡುವಂತೆ ಮುಂದಕ್ಕೆ ಬಾಗಿತು. ನಾನು ಗಾರೆ ಕೆಲಸದವನನ್ನು ಕರೆಸಿ, "ನೆಲ ಸೊಟ್ಟ ಮಾಡಿದ್ದೀಯಲ್ಲಯ್ಯಾ!" ಎಂದು ತರಾಟೆಗೆ ತೆಗೆದುಕೊಂಡೆ. ಅವನು ಬೆವರುತ್ತ ರಸಮಟ್ಟ ತಂದು ಮೂಲೆಮೂಲೆಯಲ್ಲೂ ಇಟ್ಟು ನೋಡಿದ. ನೆಲ ಕನ್ನಡಿಯಂತೆ ಸಮವಾಗಿತ್ತು. ಅವನಿಗೆ ನನ್ನನ್ನು ನೋಡಬೇಕೋ ಟೇಬಲ್ಲನ್ನು ನೋಡಬೇಕೋ ತಿಳಿಯಲಿಲ್ಲ.

ಗೃಹಪ್ರವೇಶದ ಊಟಕ್ಕೆ ಹಳೆಯ ಮಾಲೀಕರು ಬಂದರು. ಪಾಯಸದ ಲೋಟವನ್ನು ಟೇಬಲ್ಲಿನ ಮೇಲಿಟ್ಟು ಮಾತಿಗೆ ತಿರುಗಿದರು. ಲೋಟ ಅವರ ಹಿಂದೆಯೇ ಮೆಲ್ಲಗೆ ಹೊರಟು, ಅಂಚು ದಾಟಿ, ಅವರ ಹೊಸ ಪಂಚೆಯ ಮೇಲೆ ಇಳಿಯಿತು. ಎಲ್ಲರೂ ಹೌಹಾರಿದರು. ಅವರು ಮಾತ್ರ ಪಂಚೆ ಕೊಡವಿಕೊಂಡು, ಟೇಬಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ ಸ್ವಾಮಿ, ಇದು ನಮ್ಮನೆ ವಾಟ ಅಲ್ವಾ!" ಎಂದು ಕೂಗಿದರು.

ಮರುದಿನ ಎತ್ತಿನ ಗಾಡಿ ಕಳಿಸಿ ಟೇಬಲ್ಲನ್ನು ವಾಪಸು ತರಿಸಿಕೊಂಡರು. ಅವರ ಹೊಸ ಬಾಡಿಗೆದಾರರು ಅದರ ಮೇಲೆ ಬಹಳ ನೆಮ್ಮದಿಯಾಗಿ ಬರೆಯುತ್ತಿದ್ದರಂತೆ. ಬೆಂಗಳೂರಿನಲ್ಲಿ ಒಂದೇ ಒಂದು ಮನೆಗೆ ಒಗ್ಗುವ ಟೇಬಲ್ಲು ಮಾಡಿದವನು ಬಹುಶಃ ನಾನೊಬ್ಬನೇ.

೨. ಓದಿಕೊಂಡು ಕೂರುವ ಕುರ್ಚಿ

ಮುಂದಿನದು ಕುರ್ಚಿ. ಆಗ ಕಾರ್ಖಾನೆಗಳಿಂದ ಹೊರಬೀಳುತ್ತಿದ್ದ ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ಅಗ್ಗವಾಗಿ ಸಿಗುತ್ತಿತ್ತು. ಒಳ್ಳೆಯ ವಿಲಾಯತಿ ಮರ. ಮೇಲೆ ಕಪ್ಪು ಮಸಿಯಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿದ್ದವು. ಉಜ್ಜಿದರೂ ಹೋಗಲಿಲ್ಲ. ಮರಕ್ಕೆ ಅಕ್ಷರ ಬಂದರೆ ನಷ್ಟವೇನು ಎಂದು ಬಿಟ್ಟೆ.

ಕುರ್ಚಿ ಉದ್ಘಾಟನೆಗೆ ನಮ್ಮ ಕಚೇರಿಯ ಹೆಡ್ ಗುಮಾಸ್ತರೇ ಸಿಕ್ಕಿದರು. ತೂಕದ ಮನುಷ್ಯರು. ನನ್ನ ಬಡ್ತಿ ಅವರ ಕೈಯಲ್ಲಿತ್ತು. "ಕೂತ್ಕೊಳ್ಳಿ ಸಾರ್, ನಾನೇ ಮಾಡಿದ್ದು" ಎಂದೆ.

ಕೂರಲು ಅರ್ಧ ಬಗ್ಗಿದವರು ಹಾಗೇ ನಿಂತರು. ಕನ್ನಡಕ ಹಾಕಿಕೊಂಡರು. ಕೂರುವ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ "ಗಾಜು! ಮೇಲೆ ಭಾರ ಹೇರಬೇಡಿ" ಎಂದಿತ್ತು. ನಿಧಾನವಾಗಿ ನೆಟ್ಟಗಾದರು. ಒರಗುವ ಹಲಗೆಯ ಮೇಲೆ "ಈ ಕಡೆ ಮೇಲಕ್ಕೆ" ಎಂದಿತ್ತು. ಅದರ ಬಾಣ ನೆಲವನ್ನು ತೋರಿಸುತ್ತಿತ್ತು.

"ಇದು ತಲೆಕೆಳಗಾಗಿ ಇದೆಯೇನಪ್ಪಾ?" ಎಂದು ಕೇಳಿದರು.

"ಇಲ್ಲ ಸಾರ್, ಸರಿಯಾಗೇ ಇದೆ. ಕೂತ್ಕೊಳ್ಳಿ."

"ಬೇಡ ಬೇಡ. ನಿಂತ್ಕೊಂಡೇ ಕುಡೀತೀನಿ."

ಬಿಸಿ ಕಾಫಿಯನ್ನು ನಿಂತಲ್ಲೇ ಗಟಗಟ ಕುಡಿದು ಹೊರಟುಹೋದರು. ಮರುದಿನ ಕಚೇರಿಗೆ ಹೋದಾಗ ಎಲ್ಲರೂ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ನನ್ನ ಪಕ್ಕದ ಮೇಜಿನವನು ತಗ್ಗಿದ ದನಿಯಲ್ಲಿ, "ಅಲ್ಲ ಮಾರಾಯ, ಜನ ಮನೆಗೆ ಬರೋದು ಇಷ್ಟ ಇಲ್ದಿದ್ರೆ ಬಾಯಲ್ಲಿ ಹೇಳ್ಬೇಕು. ಕುರ್ಚಿ ಮೇಲೆ ಬರೆಸಿ ಇಡೋದೇ?" ಎಂದ.

"ಬೊಂಬೆ ಮೆಟ್ಟಿಲಿಗೆ ಈ ಹಲಗೆ ಮಾತ್ರ ಬೇಡ" ಎಂದಳು ಹೆಂಡತಿ. "ನನ್ನ ರಾಜ ರಾಣಿಗೆ ಓದೋಕೆ ಬರಲ್ಲ ನಿಜ. ಅಮ್ಮನಿಗೆ ಬರತ್ತೆ."

೩. ಯಾವಾಗ ಆಯ್ತು?

ಮೂರನೆಯದು ಮಂಚ. ಮಂಚಕ್ಕೆ ಕೈ ಹಾಕುತ್ತೇನೆಂದು ತಿಳಿದು ಬಸವನಗುಡಿಯಿಂದ ಮಾವನವರು ತಕ್ಷಣ ಬಂದಿಳಿದರು. "ಅಳಿಯಂದಿರೇ, ಮನೆಗೆ ಆಯ ನೋಡಿದ ಹಾಗೆ ಮಂಚಕ್ಕೂ ಆಯ ನೋಡ್ಬೇಕು. ಅಳತೆ ಕೆಟ್ಟರೆ ಮಲಗಿದವರಿಗೆ ಏಳಿಗೆಯಿಲ್ಲ" ಎಂದರು.

ಆಯವನ್ನು ಇಂಚುಪಟ್ಟಿಯಲ್ಲಿ ನೋಡುವಂತಿಲ್ಲ; ಮನೆಯ ಹಿರಿಯರ ಮೊಳದಲ್ಲಿ ಅಳೆದು ಲೆಕ್ಕ ಹಾಕಬೇಕು. ಹಿರಿಯರು ಅವರೇ. ಅವರು ಗಿಡ್ಡ, ಅವರ ಮೊಳವೂ ಗಿಡ್ಡ. ನನ್ನದು ಉದ್ದನೆಯ ಮೈಕಟ್ಟು. ನನ್ನ ಉದ್ದಕ್ಕೆ ಲೆಕ್ಕ ಹಾಕಿದಾಗಲೆಲ್ಲ ಶ್ವಾನಾಯ ಬರುತ್ತಿತ್ತು. "ನಾಯಿ ಪಾಡು, ಬೇಡವೇ ಬೇಡ" ಎಂದು ಕಿವಿ ಮುಚ್ಚಿಕೊಂಡರು. ತಗ್ಗಿಸುತ್ತ ತಗ್ಗಿಸುತ್ತ ಬಂದಾಗ ಒಂದು ಕಡೆ ಶ್ರೇಷ್ಠವಾದ ಧ್ವಜಾಯ ಸಿಕ್ಕಿತು. ಆ ಅಳತೆಯಲ್ಲಿ ನನ್ನ ಮೊಣಕಾಲಿನ ಕೆಳಗಿನ ಭಾಗಕ್ಕೆ ಜಾಗವಿರಲಿಲ್ಲ. "ಕಾಲು ಮಡಿಚ್ಕೊಳ್ಳಿ. ಏಳಿಗೆ ಮುಖ್ಯ" ಎಂದರು.

ಹಲಗೆಗಳನ್ನು ಜಗುಲಿಯಲ್ಲಿ ಜೋಡಿಸಿದೆ. ಅಳತೆ ಪರೀಕ್ಷಿಸಲು ಮಾವನವರು ಅವುಗಳ ಮೇಲೆ ಅಂಗಾತ ಮಲಗಿದರು. ಬಿಳಿ ಪಂಚೆ, ಹಣೆಗೆ ವಿಭೂತಿ, ಎದೆಯ ಮೇಲೆ ಜೋಡಿಸಿದ ಕೈ. ಮಧ್ಯಾಹ್ನದ ಊಟವಾಗಿತ್ತು, ಗಾಳಿ ಬೀಸುತ್ತಿತ್ತು, ಕಣ್ಣು ಹತ್ತಿಬಿಟ್ಟಿತು. ಎಬ್ಬಿಸುವುದೇಕೆಂದು ನಾನು ಅವರ ಕಾಲ ಬುಡದಲ್ಲಿ ಗುರುತು ಹಾಕಿ, ಅಡ್ಡಪಟ್ಟಿಗೆ ಮೊಳೆ ಹೊಡೆಯತೊಡಗಿದೆ.

ಆಗ ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಮನೆ, ಮಧ್ಯೆ ಬರೀ ಖಾಲಿ ನಿವೇಶನ. ಎದುರು ಮನೆಯ ನಿವೃತ್ತ ಮೇಷ್ಟ್ರು ಸದ್ದು ಕೇಳಿ ಕಿಟಕಿಯಿಂದ ಇಣುಕಿದ್ದಾರೆ. ಸ್ವಲ್ಪ ಹೊತ್ತಿನಲ್ಲೇ ಹೆಗಲ ಮೇಲೆ ಒಂದು ಟವೆಲ್ಲು ಹಾಕಿಕೊಂಡು, ತಲೆ ತಗ್ಗಿಸಿ, ಬರಿಗಾಲಲ್ಲಿ ಗೇಟು ತೆಗೆದುಕೊಂಡು ಬಂದರು.

"ಯಾವಾಗ ಆಯ್ತು?" ಎಂದು ಮೆಲ್ಲಗೆ ಕೇಳಿದರು.

"ಈಗ ತಾನೇ ಸಾರ್, ಊಟ ಆದ್ಮೇಲೆ" ಎಂದೆ.

"ಛೆ ಛೆ. ಒಳಗೆ ಅವರಿಗೆ ಹೇಳಿದ್ರಾ?"

"ಅವಳಿಗೆ ಗೊತ್ತು. ಪಾತ್ರೆ ತೊಳೀತಾ ಇದ್ದಾಳೆ."

ಮೇಷ್ಟ್ರು ನನ್ನನ್ನು ದಿಟ್ಟಿಸಿ ನೋಡಿದರು. "ಎಲ್ಲಾ ನೀವೊಬ್ರೇ ಮಾಡ್ತಾ ಇದ್ದೀರಾ? ಯಾರನ್ನಾದರೂ ಕರೀಬಾರದಾಗಿತ್ತಾ?"

"ಆಚಾರಿಗೆ ಯಾಕೆ ಸಾರ್ ದಂಡ? ಇದೇನು ಮಹಾ ಕೆಲಸ?" ಎಂದು ಇನ್ನೊಂದು ಮೊಳೆಯ ತಲೆಯ ಮೇಲೆ ಬಲವಾಗಿ ಹೊಡೆದೆ.

ಆ ಹೊಡೆತಕ್ಕೆ ಮಾವನವರು ಎದ್ದು ಕೂತು, "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಸೊಗಸಾಗಿದೆ, ನೀವೂ ಒಂದು ಸಲ ಮಲಗಿ ನೋಡಿ" ಎಂದರು.

ಮೇಷ್ಟ್ರು ಹೆಗಲ ಟವೆಲ್ಲನ್ನು ಅಲ್ಲೇ ಕೈಬಿಟ್ಟರು. ಹಿಂದಕ್ಕೆ ಹೆಜ್ಜೆ ಇಡುತ್ತ ಇಡುತ್ತ ಹೋಗಿ, ಜಗುಲಿಯ ಮೂಲೆಯಲ್ಲಿದ್ದ ನನ್ನ ಕುರ್ಚಿಯ ಮೇಲೆ ದೊಪ್ಪನೆ ಕುಸಿದರು. ಆ ಕುರ್ಚಿಯನ್ನು ಓದದೆ ಕೂತ ಮೊದಲ ಅತಿಥಿ ಅವರೇ. ಅದು ಮುರಿಯಲಿಲ್ಲ ಎಂಬುದನ್ನು ನಾನು ಎಲ್ಲರಿಗೂ ಹೇಳಿದೆ. ಯಾರೂ ಅದನ್ನು ಮುಖ್ಯವಾಗಿ ತೆಗೆದುಕೊಳ್ಳಲಿಲ್ಲ.

ಮಂಚ ಮಾವನವರ ಅಳತೆಗೆ ಅಚ್ಚುಕಟ್ಟಾಗಿ ಕೂತಿತು. ಹಾಗಾಗಿ ಅವರೂ ನಮ್ಮ ಮನೆಯಲ್ಲೇ ಕೂತರು.

೪. ಮುಗಿಯದ ದಸರೆ

ಇಷ್ಟಾದ ಮೇಲೆ ಹೆಂಡತಿ ಟ್ರಂಕಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಆದರೆ ಈ ಸಲ ನಾನು ಒಳ್ಳೆಯ ಮತ್ತಿ ಮರ ತಂದೆ. ಮೆಟ್ಟಿಲು ಗಟ್ಟಿಯಾಗಿ ಬಂತು. ಅದರ ಮೇಲೆ ನಾನೇ ಹತ್ತಿ ನಿಂತು ತೋರಿಸಿದೆ. ನೆಲಕ್ಕೂ ಒಗ್ಗಿತು. ಅಕ್ಷರವಿರಲಿಲ್ಲ. ಅವಳ ಮುಖದಲ್ಲಿ ಮೊದಲ ಬಾರಿಗೆ ನಂಬಿಕೆ ಮೂಡಿದ್ದನ್ನು ಕಂಡೆ. ಅಲ್ಲಿಗೇ ನಿಲ್ಲಿಸಬಹುದಿತ್ತು.

ಮೆರುಗು ಕೊಡುವ ಆಸೆಯಾಯಿತು. ವಾರ್ನಿಷನ್ನು ರಾಳ ಕರಗಿಸಿ ಅಗಸೆ ಎಣ್ಣೆಯಲ್ಲಿ ಕಾಸಬೇಕೆಂದು ಕೇಳಿದ್ದೆ. ಮನೆಯಲ್ಲಿ ಅಗಸೆ ಎಣ್ಣೆ ಇರಲಿಲ್ಲ. ಶನಿವಾರದ ಅಭ್ಯಂಜನಕ್ಕೆಂದು ಹರಳೆಣ್ಣೆ ಡಬ್ಬದ ತುಂಬ ಇತ್ತು. "ಹರಳೆಣ್ಣೆ ಮೈಗೆ ತಂಪು, ಮರಕ್ಕೂ ತಂಪೇ" ಎಂದು ಮಂಚದ ಮೇಲಿಂದಲೇ ಮಾವನವರು ಅಪ್ಪಣೆ ಕೊಟ್ಟರು. ಅದರಲ್ಲೇ ರಾಳ ಕಾಸಿ ಬಳಿದೆ. ಮೆಟ್ಟಿಲು ಥಳಥಳ ಹೊಳೆಯಿತು.

ಅತ್ತೆಯವರು ಬಂದರು. ಬೊಂಬೆ ಕೂರಿಸುವ ದಿನ ಹೆಂಡತಿ ಪಂಚೆ ಹಾಸಲು ಹೊರಟಾಗ ನಾನು ತಡೆದೆ. "ಇಂಥ ಮೆರುಗಿನ ಮೇಲೆ ಬಟ್ಟೆ ಮುಚ್ಚೋದುಂಟೇ?"

ಅವಳು ಬೆರಳಿಟ್ಟು ನೋಡಿದಳು. "ಸ್ವಲ್ಪ ಅಂಟ್ತಾ ಇದೆಯಲ್ರೀ?"

"ಒಳ್ಳೇದೇ ಆಯ್ತು. ಬೊಂಬೆ ಬೀಳಲ್ಲ."

ನಿಜಕ್ಕೂ ಬೀಳಲಿಲ್ಲ. ಬೀದಿಯ ಹೆಂಗಸರೆಲ್ಲ ಬಂದು ಹಾಡು ಹೇಳಿ, ಆರತಿ ಎತ್ತಿ, ಮೆಟ್ಟಿಲನ್ನು ಹೊಗಳಿ ಹೋದರು. ಬೊಂಬೆಗಳ ನಡುವೆ ಕೆಲವು ನೊಣಗಳೂ ಕೂತಿದ್ದವು. ಓಡಿಸಿದರೂ ಏಳುತ್ತಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಾಗಿತ್ತು.

ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ಪಟ್ಟದ ರಾಜನನ್ನು ಮೆಲ್ಲಗೆ ಮಲಗಿಸಬೇಕು. ಅಲ್ಲಿಗೆ ದಸರೆ ಮುಗಿಯಿತು. ಆಮೇಲೆ ಬೊಂಬೆಗಳು ಟ್ರಂಕಿಗೆ. ಹೆಂಡತಿ ರಾಜನನ್ನು ಹಿಡಿದು ಎತ್ತಿದಳು. ರಾಜ ಏಳಲಿಲ್ಲ. ಇನ್ನೊಂದು ಸಲ ಎತ್ತಿದಳು. ಇಡೀ ಮೆಟ್ಟಿಲು ಒಂದು ಕಡೆ ಮೇಲೆದ್ದು, ಅಷ್ಟೂ ಬೊಂಬೆಗಳು ಓರೆಯಾಗಿ ನಿಂತುಕೊಂಡೇ ನಮ್ಮನ್ನು ನೋಡಿದವು. ಒಂದೂ ಉರುಳಲಿಲ್ಲ.

"ಅಯ್ಯೋ ಎಳೀಬೇಡ್ವೇ, ಪಾದ ಕಿತ್ತು ಬರತ್ತೆ!" ಎಂದು ಅತ್ತೆಯವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಹೆಂಡತಿ ಅಳಲೂ ಇಲ್ಲ, ಬೈಯಲೂ ಇಲ್ಲ. ನನ್ನನ್ನು ನೋಡಿದಳು, ಅಷ್ಟೇ. ಅಂಥ ನೋಟ ಎದುರಿಸುವುದಕ್ಕಿಂತ ಬೈಗುಳ ತಿನ್ನುವುದು ಸುಲಭ.

ಬೊಂಬೆ ಕೂತಿರುವವರೆಗೆ ಪ್ರತಿ ಸಂಜೆ ಆರತಿಯಾಗಲೇಬೇಕು, ನೈವೇದ್ಯವಾಗಲೇಬೇಕು. ಬೀದಿಯ ಮಕ್ಕಳಿಗೆ ಸುದ್ದಿ ಹರಡಲು ಎಷ್ಟು ಹೊತ್ತು? ಊರಿನಲ್ಲೆಲ್ಲ ದಸರೆ ಮುಗಿದಿದ್ದರೂ ಸಂಜೆಯಾದರೆ ಸಾಕು, ಗೇಟಿನಲ್ಲಿ "ರೀ, ಬೊಂಬೆ ಕೂರ್ಸಿದ್ದೀರಾ?" ಎಂಬ ಕೂಗು. ಕೂರಿಸಿದ್ದೆವು, ಇಲ್ಲವೆನ್ನುವಂತಿರಲಿಲ್ಲ. ಒಂದು ದಿನ ಕಡಲೆ ಉಸಲಿ, ಒಂದು ದಿನ ಹೆಸರುಕಾಳು ಉಸಲಿ. ಬನಶಂಕರಿ ಕಡೆಯಿಂದಲೂ ಮಕ್ಕಳು ಬರತೊಡಗಿದರು. ದೀಪಾವಳಿ ಬಂತು. ರಾಜ ರಾಣಿ ನಿಂತುಕೊಂಡೇ ಪಟಾಕಿ ನೋಡಿದರು. ಮಗಳ ಬೊಂಬೆ ಮಲಗುವವರೆಗೆ ಬಸವನಗುಡಿಗೆ ಹೋಗುವುದಿಲ್ಲವೆಂದು ಅತ್ತೆಯವರೂ ಉಳಿದರು.

ತುಳಸಿ ಹಬ್ಬದ ದಿನ ಹೆಂಡತಿ ತಾನೇ ಗರಗಸ ತಂದು ನನ್ನ ಕೈಗೆ ಕೊಟ್ಟಳು. "ನನ್ನ ಬೊಂಬೆ ಬಿಡಿಸಿ ಕೊಡಿ. ಮೆಟ್ಟಿಲು ಏನಾದ್ರೂ ಆಗ್ಲಿ" ಎಂದು ಹೇಳಿ ಕಣ್ಣು ಮುಚ್ಚಿಕೊಂಡು ಪಕ್ಕದಲ್ಲೇ ನಿಂತಳು.

ನಾನು ಮಾಡಿದ್ದರಲ್ಲಿ ನೆಟ್ಟಗಿದ್ದದ್ದು ಅದೊಂದೇ. ಅದನ್ನು ನಾನೇ ಕೊಯ್ದೆ. ಪ್ರತಿಯೊಂದು ಬೊಂಬೆಯ ಪಾದದ ಸುತ್ತ ಒಂದೊಂದು ತುಂಡು ಹಲಗೆ ಬಿಟ್ಟು ಕೊಯ್ದೆ. ಒಂದು ಬೆರಳೂ ಮುರಿಯಲಿಲ್ಲ. ಅವಳು ರಾಜನನ್ನು ಹಲಗೆ ಸಮೇತ ಎತ್ತಿ, ಎದೆಗೊತ್ತಿಕೊಂಡು, ಮಲಗಿಸಿದಳು. ಜಯನಗರದಲ್ಲಿ ಆ ವರ್ಷದ ದಸರೆ ಮುಗಿಯಿತು.

ಮುಂದಿನ ವರ್ಷ ಮತ್ತೆ ಸೀಮೆಎಣ್ಣೆ ಡಬ್ಬ, ಮತ್ತೆ ಪಂಚೆ. ಆದರೆ ಪ್ರತಿ ಬೊಂಬೆಯ ಕೆಳಗೂ ಹೊಳೆಯುವ ಒಂದು ಪುಟ್ಟ ಪೀಠ. ಮಗಳ ಬಾಣಂತನಕ್ಕೆ ಹೋಗಿ ಹಿಂದಿನ ದಸರೆಯಲ್ಲಿ ಊರಲ್ಲಿರದಿದ್ದ ಮೇಷ್ಟ್ರ ಹೆಂಡತಿ ಆರತಿಗೆ ಬಂದು, ಬಗ್ಗಿ ನೋಡಿ, ಕೆನ್ನೆಗೆ ಕೈಯಿಟ್ಟುಕೊಂಡು, "ಎಷ್ಟು ಚೆನ್ನಾಗಿದೆ ರೀ! ಬೊಂಬೆ ಅಲ್ಲಾಡೋದೇ ಇಲ್ಲ. ಎಲ್ಲಿ ಮಾಡ್ಸಿದ್ರಿ?" ಎಂದು ಕೇಳಿದರು.

"ನಮ್ಮ ಯಜಮಾನ್ರೇ ಮಾಡಿದ್ದು" ಎಂದಳು ನನ್ನ ಹೆಂಡತಿ. ನಾನು ಬಾಗಿಲಲ್ಲಿ ನಿಂತಿದ್ದವನು ಎದೆ ಸ್ವಲ್ಪ ಮುಂದೆ ಮಾಡಿದೆ.

"ನಮಗೂ ಮಾಡಿಕೊಡ್ತಾರಾ?"

"ಧಾರಾಳವಾಗಿ. ಆದ್ರೆ ತುಳಸಿ ಹಬ್ಬದವರೆಗೂ ದಿನಾ ಉಸಲಿ ಮಾಡಿ ಬೀದಿ ಮಕ್ಕಳಿಗೆಲ್ಲ ಹಂಚಬೇಕು. ನಿಮ್ಮ ಕೈಲಾಗತ್ತಾ ನೋಡ್ಕೊಳ್ಳಿ."

ಆಕೆ ಬೆಚ್ಚಿಬಿದ್ದರು. "ಶಿವನೇ! ಅಷ್ಟೊಂದು ಕಠಿಣವಾದ ವ್ರತವೇ?"

"ಹೂಂ" ಎಂದಳು ನನ್ನ ಹೆಂಡತಿ, ನನ್ನತ್ತ ನೋಡುತ್ತ. "ನಾನು ಮದುವೆ ಆದಾಗಿಂದ ಮಾಡ್ತಾ ಇದ್ದೀನಿ."