ನಲವತ್ತೆರಡು ಪ್ರಶ್ನೆ, ಒಂದು ದ್ವೀಪ

ನಿಯಮದ ಪ್ರಕಾರ ನಡೆಯುವ ಮನುಷ್ಯನನ್ನು ನಗೆಪಾಟಲಿನ ಪ್ರಸಂಗಗಳು ವಿಳಾಸ ಕೇಳಿಕೊಂಡು ಹುಡುಕಿ ಬರುತ್ತವೆ. ಹೇಗೆ ಬೇಕೋ ಹಾಗೆ ಬದುಕುವವರ ಮನೆಯ ದಾರಿ ಅವಕ್ಕೆ ಗೊತ್ತೇ ಇರುವುದಿಲ್ಲ.

ನಾನು ಸೇಡಂನವನು. ಸಿಮೆಂಟ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಗುಣಮಟ್ಟ ನೋಡುವ ಕೆಲಸ. ಸ್ಯಾಂಪಲ್ ಸರಿಯಿಲ್ಲ ಅಂದರೆ ಮಾಲು ಗೇಟು ದಾಟುವುದಿಲ್ಲ, ಯಾರೇ ಫೋನ್ ಮಾಡಿಸಲಿ. ಇಂಗ್ಲಿಷ್ ಶಾಲೆಯಲ್ಲಿ ಓದಿದ್ದರ ಫಲವೋ ಏನೋ, ಯಾವ ಕಾಗದ ಕೈಗೆ ಬಂದರೂ ಕೆಳಗಿನ ಸಣ್ಣ ಅಕ್ಷರಗಳಿಂದಲೇ ಓದಲು ಶುರು ಮಾಡುತ್ತೇನೆ.

ನನ್ನ ಹೆಂಡತಿ ಮಳಖೇಡದವಳು. ಲಗ್ನವಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಸಮುದ್ರ. ನಾನು ಪ್ರತಿ ವರ್ಷ ಲಗ್ನದ ದಿನ ಅವಳನ್ನು ಕರೆದುಕೊಂಡು ಹೋದದ್ದು ಚಿಂಚೋಳಿ ಕಡೆಯ ಡ್ಯಾಮಿಗೆ. ನೀರು ಅಲ್ಲಿಯೂ ನೀಲಿಯೇ ಇರುತ್ತದೆ ಎಂಬುದು ನನ್ನ ವಾದ. ಆಚೆ ದಂಡೆ ಕಾಣುತ್ತದೆ ಎಂಬುದು ಅವಳ ವಾದ.

ಈ ವರ್ಷ ಇಪ್ಪತ್ತೈದನೆಯದು. ಇಪ್ಪತ್ತೈದಕ್ಕೆ ಒಂದು ದ್ವೀಪಕ್ಕೇ ಕರೆದುಕೊಂಡು ಹೋಗುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ. ಅವಳು ತೊಗರಿಬೇಳೆ ಆರಿಸುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು:

"ಇದೊಂದ್ ಸಲ ನೋಡ್ತೀನ್ರಿ. ಅಮಾಸಿ ಒಳಗ ಟಿಕೀಟು ಕೈಯಾಗ ಇರಬೇಕು. ಇಲ್ಲಂದ್ರ ಚಿತ್ತಾಪುರದ ಅಕ್ಕನ ಸಂಗಡ ಯಾತ್ರಾ ಬಸ್ಸಿಗೆ ಹೆಸರು ಹಚ್ಚತೀನಿ. ಮತ್ತ ಸಮುದ್ರದ ಮಾತು ತಗಿಯಂಗಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ನಿಭಾಯಿಸಬಹುದಿತ್ತು. ಬಹಳ ಶಾಂತವಾಗಿ ಹೇಳಿದಳು. ನಾನು ಅಂದೇ ಕಾಗದ, ಸ್ಕೇಲು, ಪೆನ್ಸಿಲ್ ತೆಗೆದುಕೊಂಡು ಕೂತೆ.

೧. ತಪಾಸಣೆ

ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್, ಬಾಲಿ. ನಾಲ್ಕಕ್ಕೂ ನಾಲ್ಕು ಕಾಲಂ ಹಾಕಿದೆ. ಅಲ್ಲಿಯ ಒಂಬತ್ತು ರೆಸಾರ್ಟುಗಳಿಗೆ ನಲವತ್ತೊಂದು ಪ್ರಶ್ನೆಗಳ ಪಟ್ಟಿ ಇಮೇಲ್ ಮಾಡಿದೆ. ಅನವಶ್ಯಕವಾದದ್ದು ಒಂದೂ ಇರಲಿಲ್ಲ. ‘ಮಂಚದಿಂದ ಸಮುದ್ರಕ್ಕೆ ಎಷ್ಟು ಅಡಿ? ಭರತದಲ್ಲಿ ಎಷ್ಟು, ಇಳಿತದಲ್ಲಿ ಎಷ್ಟು?’ ‘ಪ್ರಶಾಂತ ವಾತಾವರಣ ಎಂದು ಬರೆದಿದ್ದೀರಿ. ಜನರೇಟರ್ ಎಲ್ಲಿ ಇಟ್ಟಿದ್ದೀರಿ?’ ‘ಫೋಟೋದಲ್ಲಿರುವ ತೆಂಗಿನ ಮರ ಕೋಣೆಯ ಕಡೆಗೆ ವಾಲಿದೆ. ಅದನ್ನು ಕೊನೆಯ ಸಲ ಪರೀಕ್ಷಿಸಿದವರು ಯಾರು?’

ಎಂಟು ರೆಸಾರ್ಟಿನವರು ಉತ್ತರಿಸಲೇ ಇಲ್ಲ. ಒಂಬತ್ತನೆಯವರು ಒಂದೇ ತಾಸಿನಲ್ಲಿ ಬರೆದರು. ‘ಮಾನ್ಯರೇ, ನಮ್ಮಲ್ಲಿ ತಪಾಸಣೆ ಈಗಾಗಲೇ ಮುಗಿದಿದೆ. ಎಲ್ಲವೂ ಸರಿಯಾಗಿದೆ ಎಂದು ನಿಮ್ಮ ಇಲಾಖೆಯವರೇ ಬರೆದುಕೊಟ್ಟಿದ್ದಾರೆ. ದಯವಿಟ್ಟು ಮತ್ತೊಮ್ಮೆ ಬರಬೇಡಿ.’ ಜೊತೆಗೆ ಬೆಂಕಿ ಸುರಕ್ಷತೆಯ ಸರ್ಟಿಫಿಕೇಟನ್ನೂ ಲಗತ್ತಿಸಿದ್ದರು.

ಲಗತ್ತಿಸಿದ ಮೇಲೆ ಓದದೆ ಇರಲಾದೀತೆ? ಓದಿದೆ. ಅವಧಿ ಮುಗಿದಿತ್ತು. ಅದನ್ನು ಅವರ ಗಮನಕ್ಕೆ ತಂದು, ಪಟ್ಟಿಯಿಂದ ಹೊಡೆದುಹಾಕಿದೆ.

ಹೆಂಡತಿ ಚಹದ ಕಪ್ಪು ಇಟ್ಟು ಕೇಳಿದಳು: "ರೀ, ನೀವು ಸಮುದ್ರ ನೋಡಾಕ ಹೊಂಟೀರೋ, ಅದಕ್ಕ ಬೀಗ ಹಾಕಾಕ ಹೊಂಟೀರೋ?"

೨. ಸಮುದ್ರ ಕಂಡ ಕಲ್ಲು

ಇಮೇಲ್ ಕೈಕೊಟ್ಟಿತು ಎಂದು ಶಹಾಬಾದಿನ ಒಬ್ಬ ಟ್ರಾವೆಲ್ ಏಜೆಂಟರ ಅಂಗಡಿಗೆ ಇಬ್ಬರೂ ಹೋದೆವು. "ಬರ್ರಿ ಸಾಹೇಬ್ರ, ಕುಂದ್ರಿ ಅಕ್ಕಾವ್ರ" ಎಂದು ಬಹಳ ಆದರ ಮಾಡಿದರು. ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿ ಒಂದು ಕಾಟೇಜು ತೋರಿಸಿದರು. ಹೊರಗೆ ಸಮುದ್ರ, ಒಳಗೆ ಬಿಳೀ ಮಂಚ, ಮಂಚದ ಮೇಲೆ ಟವೆಲಿನಲ್ಲಿ ಮಾಡಿದ ಎರಡು ಹಂಸ.

ನಾನು ಹಂಸ ನೋಡುತ್ತಿದ್ದೆ. ಹೆಂಡತಿ ನೆಲ ನೋಡುತ್ತಿದ್ದಳು.

"ಅಣ್ಣಾ, ಈ ನೆಲಕ್ಕ ಹಾಕಿದ್ದು ಯಾವ ಕಲ್ಲು?"

"ಭಾಳ ಛಲೋ ಮಾಲು ಅಕ್ಕಾವ್ರ. ನ್ಯಾಚುರಲ್ ಸ್ಟೋನ್. ಹಡಗಿನಾಗ ತರಿಸ್ಯಾರ."

"ಎಲ್ಲಿಂದ?"

ನನಗೆ ಅಂದಾಜಿನ ಉತ್ತರ ಆಗುವುದಿಲ್ಲ ಎಂಬುದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ರೆಸಾರ್ಟಿಗೇ ಫೋನ್ ಹಚ್ಚಿದರು. ಹಿಂದಿಯಲ್ಲಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಸಣ್ಣದಾಯಿತು. ಫೋನ್ ಇಟ್ಟು ಮೆಲ್ಲಗೆ ಅಂದರು: "ಶಹಾಬಾದಿಂದಂತ್ರಿ."

"ಇದ ಕಲ್ಲು ನಮ್ಮ ಬಚ್ಚಲದಾಗ ಹಾಕೀವಲ್ರಿ," ಅಂದಳು ಹೆಂಡತಿ.

ಏಜೆಂಟರು ಸೋಲುವ ಪೈಕಿ ಅಲ್ಲ. "ಖರೆ ಅಕ್ಕಾವ್ರ. ಆದ್ರ ನಿಮ್ಮ ಬಚ್ಚಲದಿಂದ ಸಮುದ್ರ ಕಾಣಂಗಿಲ್ಲಲ್ರಿ!"

ಅವಳು ನಗಲಿಲ್ಲ. ಹೊರಗೆ ಬಂದ ಮೇಲೆ, ರಸ್ತೆಯ ಬದಿಗೆ ಫರಸಿ ಕಲ್ಲು ತುಂಬಿಕೊಂಡು ನಿಂತಿದ್ದ ಲಾರಿಯನ್ನು ನೋಡಿ ಹೇಳಿದಳು: "ನಮ್ಮ ಸೀಮಿ ಕಲ್ಲು ಸುದ್ದಾ ಸಮುದ್ರ ನೋಡಿ ಬಿಟ್ಟಾವ. ನಾ ಒಬ್ಬಾಕೆ ಉಳದೀನಿ."

೩. ಅಟ್ಟ

ಮಾಲ್ಡೀವ್ಸಿನಲ್ಲಿ ನೀರಿನ ಮೇಲೆಯೇ ಕಂಬ ನಿಲ್ಲಿಸಿ ಕಟ್ಟಿದ ಮನೆಗಳಿವೆ. ಆ ಕಾಲಂ ಇನ್ನೂ ಉಳಿದಿತ್ತು. ಮಳಖೇಡದ ಅತ್ತೆ-ಮಾವನ ಮನೆಗೆ ಹೋದಾಗ ಮೊಬೈಲಿನಲ್ಲಿ ಅದರ ಫೋಟೋ ತೋರಿಸಿದೆ. ಅವರ ಮನೆ ಕಾಗಿಣಾ ನದಿಯಿಂದ ಬಹಳ ದೂರವಿಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಅಯ್ಯ, ಪಾಪ! ಯಾರ ಮನಿ ಇದು? ಎಲ್ಲಿ ತನಕ ಬಂದದ ನೋಡ್ರಿ ನೀರು!"

"ಬಂದದ್ದಲ್ರಿ ಅತ್ತೀ, ಬೇಕಂತಲೇ ಅಲ್ಲಿ ಕಟ್ಯಾರ. ನಾವು ಹೋಗಿ ಇರೋದು."

ಮಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಕಾಗಿಣಾ ಮನಿಯೊಳಗ ಬಂದ ವರ್ಷ ನಾವೂ ಹಿಂಗ ಇದ್ದೆವು. ಬೋಟಿನಾಗ ಕರಕೊಂಡು ಹೋದ್ರು, ಶಾಲಿಯೊಳಗ ಇಟ್ಟರು, ಎರಡು ಹೊತ್ತು ಊಟ ಹಾಕಿದ್ರು. ಎಲ್ಲಾ ಫುಕಟ್. ಮ್ಯಾಲ ಸರಕಾರದವರು ಪರಿಹಾರ ಬ್ಯಾರೆ ಕೊಟ್ರು. ನೀವು ಕೈಯಿಂದ ರೊಕ್ಕ ಕೊಟ್ಟು ಹೋಗಾಕತ್ತೀರಿ?"

ನಾನು ಮೊಬೈಲ್ ಜೇಬಿಗೆ ಹಾಕಿಕೊಂಡೆ. ಹೊರಡುವಾಗ ಅತ್ತೆ ಬಾಗಿಲ ತನಕ ಬಂದು, ನನ್ನ ಹೆಂಡತಿಯ ಕೈ ಹಿಡಿದು ಗುಟ್ಟಾಗಿ ಹೇಳಿದರು: "ಹೋದ ಕೂಡಲೆ ಸಾಮಾನೆಲ್ಲಾ ಅಟ್ಟಕ್ಕ ಏರಸ್ರವ್ವಾ. ನೀರು ಹೇಳಿ ಬರಂಗಿಲ್ಲ."

ಹೆಂಡತಿ ಮನೆ ಮುಟ್ಟುವ ತನಕ ನಕ್ಕಳು. ನಾನು ಮನೆ ಮುಟ್ಟಿದ ಮೇಲೆ ಪಟ್ಟಿ ತೆಗೆದು ನಲವತ್ತೆರಡನೆಯ ಪ್ರಶ್ನೆ ಸೇರಿಸಿದೆ: ‘ಕೋಣೆಯಲ್ಲಿ ಅಟ್ಟ ಇದೆಯೇ?’

೪. ಕಣ್ಣಾರೆ ಕಂಡವರು

ಅಮಾವಾಸ್ಯೆಗೆ ಎಂಟು ದಿನ ಉಳಿಯಿತು. ಬರೆದ ಉತ್ತರ ನಂಬುವಂತಿಲ್ಲ, ಕಣ್ಣಾರೆ ಕಂಡವರನ್ನೇ ಕೇಳಬೇಕು ಎಂದು ತೀರ್ಮಾನಿಸಿದೆ. ವಾಡಿಯಲ್ಲಿ ರೈಲ್ವೆಯ ಗಾರ್ಡ್ ಆಗಿ ರಿಟೈರ್ ಆದವರೊಬ್ಬರು ಹೆಂಡತಿ, ಮಗನ ಜೊತೆ ಅಂಡಮಾನ್ ನೋಡಿ ಬಂದಿದ್ದರು. ನಾವಿಬ್ಬರೂ ಅವರ ಮನೆಗೆ ಹೋದೆವು.

"ಹೆಂಗದರಿ ಅಂಡಮಾನ್?"

ಗಾರ್ಡ್ ಸಾಹೇಬರು ಅಂದರು: "ಏನ್ ಹೇಳ್ಲಿ ಸಾಹೇಬ್ರ. ರೈಲೇ ಇಲ್ಲ."

"ಅದು ದ್ವೀಪ ಅಲ್ರಿ."

"ದ್ವೀಪ ಇರಲಿ ಬಿಡ್ರಿ. ಇಷ್ಟು ವರ್ಷ ಈ ಜಂಕ್ಷನ್ನಿನ ಬಾಜೂಕ ಮಲಗಿದಂವ ನಾ. ಅಲ್ಲಿ ಬರೇ ತೆರಿ ಸಪ್ಪಳ. ಅದಕ್ಕೊಂದು ಟೈಂ ಟೇಬಲ್ ಇಲ್ಲ, ಏನಿಲ್ಲ. ಎರಡು ದಿವಸ ಕಣ್ಣು ಮುಚ್ಚಲಿಲ್ಲ. ಮೂರನೇ ದಿವಸ ಇಲ್ಲಿ ನಮ್ಮ ಅಳಿಯ ಸ್ಟೇಷನ್ನಿಗಿ ಹೋಗಿ ಅನೌನ್ಸ್‌ಮೆಂಟ್ ರಿಕಾರ್ಡ್ ಮಾಡಿ ಮೊಬೈಲಿಗೆ ಕಳಿಸಿದ. ಗಾಡಿ ಒಂದು ತಾಸು ಲೇಟ್ ಅಂತ ಆ ಹೆಣ್ಮಗಳು ಹೇಳಿದ್ದೇ ತಡ, ಗಪ್ಪನ ನಿದ್ದಿ ಹತ್ತಿತು ನೋಡ್ರಿ."

ಅವರ ಹೆಂಡತಿ ಒಳಗಿನಿಂದ ಅವಲಕ್ಕಿ ಚೂಡಾ ತಂದಿಟ್ಟು, ನನ್ನ ಹೆಂಡತಿಯ ಪಕ್ಕ ಕೂತರು. "ಇವರ ಮಾತು ಕೇಳಬ್ಯಾಡ್ರಿ ತಂಗಿ. ನಾ ಸಮುದ್ರ ಮೊದಲ ಸಲ ನೋಡಿದ್ನಿ. ಹಂಗ ನಿಂತಲ್ಲೇ ಅತ್ತುಬಿಟ್ಟೆ. ಯಾಕಂತ ಈಗೂ ತಿಳಿವಲ್ದು. ನೀವು ಹೋಗಿ ಬರ್ರಿ."

ದಾರಿಯಲ್ಲಿ ಹೆಂಡತಿ ಕೇಳಿದಳು: "ನಿಮ್ಮ ಪಟ್ಟಿಯೊಳಗ ಇದಕ್ಕ ಕಾಲಂ ಅದ ಏನು?"

ಇರಲಿಲ್ಲ. ಮರುದಿನವೇ ಅಂಡಮಾನ್ ಹೆಸರಿನ ಕೆಳಗೆ ಗೆರೆ ಎಳೆದು, ಹೈದರಾಬಾದಿನಿಂದ ವಿಮಾನದ ಟಿಕೆಟ್ ತೆಗೆಸಿದೆ. ಗಾರ್ಡ್ ಸಾಹೇಬರು ಮಾತ್ರ ಫೋನ್ ಮಾಡಿ, ಆ ಅನೌನ್ಸ್‌ಮೆಂಟ್ ನನಗೂ ಕಳಿಸಬೇಕೇ ಎಂದು ಎರಡು ಸಲ ಕೇಳಿದರು.

೫. ಮೂಲ ಪ್ರತಿ

ಶಹಾಬಾದಿನ ಏಜೆಂಟರು ಅಂಡಮಾನಿನಲ್ಲಿ ಒಂದು ಒಳ್ಳೆಯ ರೆಸಾರ್ಟ್ ಹುಡುಕಿದರು. ಲಗ್ನವಾಗಿ ಇಪ್ಪತ್ತೈದು ವರ್ಷ ತುಂಬಿದ ದಂಪತಿಗೆ ಅಲ್ಲಿ ಸಾದಾ ಕೋಣೆಯ ದರದಲ್ಲೇ ಸಮುದ್ರಕ್ಕೆ ಮುಖಮಾಡಿದ ಕೋಣೆ, ಜೊತೆಗೆ ಬಿಟ್ಟಿ ಕೇಕು, ದೋಣಿ ವಿಹಾರ. ಷರತ್ತು ಒಂದೇ, ಲಗ್ನದ ತಾರೀಖಿಗೆ ಪುರಾವೆ ಬೇಕು.

ನಮ್ಮ ಲಗ್ನ ರಿಜಿಸ್ಟರ್ ಆಗಿಲ್ಲ. ಲಗ್ನಪತ್ರಿಕೆಯನ್ನು ಗೆದ್ದಲು ತಿಂದಿತ್ತು.

"ಅದೇನು ದೊಡ್ಡ ಮಾತ್ರಿ ಸಾಹೇಬ್ರ?" ಅಂದರು ಏಜೆಂಟರು. "ಕಂಪ್ಯೂಟರಿನಾಗ ಹೊಸಾ ಪತ್ರಿಕಾ ಹೊಡಿಸಿಬಿಡೋಣು."

"ಅದು ಖೊಟ್ಟಿ ದಾಖಲೆ. ನನ್ನ ಹತ್ತಿರ ಝೆರಾಕ್ಸ್ ಸುದ್ದಾ ನಡೆಯುವುದಿಲ್ಲ. ಮೂಲ ಪ್ರತಿ ಬೇಕು," ಎಂದೆ.

ಹೆಂಡತಿ ನಡುವೆ ಬಾಯಿ ಹಾಕಿದಳು. "ಬಿಡ್ರಿ, ಸಾದಾ ರೂಮೇ ತಗೋರಿ. ಕೇಕು ಯಾರಿಗಿ ಬೇಕಾಗ್ಯದ?" ಇಷ್ಟು ಧಾರಾಳ ಯಾಕೆ ಎಂದು ನಾನು ಅನುಮಾನ ಪಡಬೇಕಿತ್ತು. ಪಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಲಿಂಗಪೂಜೆಗೆ ನೀರು ತುಂಬಿಟ್ಟ ಹಿತ್ತಾಳೆ ತಂಬಿಗೆ ಕಣ್ಣಿಗೆ ಬಿತ್ತು. ಲಗ್ನದಲ್ಲಿ ಅವಳ ಸೋದರಮಾವ ಉಡುಗೊರೆ ಕೊಟ್ಟಿದ್ದು. ಕೊಟ್ಟವರ ನೆನಪು ಉಳಿಯಲಿ ಎಂದು ನಮ್ಮ ಕಡೆ ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದುಂಟು. ಇದರ ಮೇಲೂ ನನ್ನ ಹೆಸರು, ಅವಳ ಹೆಸರು, ಸೋದರಮಾವನ ಹೆಸರು, ತಾರೀಖು, ಇಸವಿ ಎಲ್ಲಾ ಇತ್ತು. ಇದಕ್ಕಿಂತ ದೊಡ್ಡ ಮೂಲ ದಾಖಲೆ ಯಾವುದು? ಇಸವಿಯಿಂದ ಬೆರಳು ಮಡಿಚಿ ಎಣಿಸಿದೆ, ಇಪ್ಪತ್ತೈದು ಬಂತು. ನಾಲ್ಕು ಕಡೆಯಿಂದ ಫೋಟೋ ತೆಗೆದೆ.

"ಬ್ಯಾಡ್ರಿ, ತಂಬಗಿ ಫೋಟೋ ಯಾರರೆ ಕಳಸ್ತಾರೇನು?" ಎಂದು ಅವಳು ಮೂರು ಸಲ ಹೇಳಿದಳು. ನಾನು ಕೆತ್ತಿದ್ದನ್ನೆಲ್ಲ ಇಂಗ್ಲಿಷಿಗೆ ಅನುವಾದಿಸಿ, ಸಹಿ ಹಾಕಿ ಕಳಿಸಿದೆ.

ಸಂಜೆ ರೆಸಾರ್ಟಿನ ಹುಡುಗಿ ಫೋನ್ ಮಾಡಿದಳು. ತಂಬಿಗೆ ಬಹಳ ಸುಂದರವಾಗಿದೆ ಎಂದಳು. ಆಮೇಲೆ, "ಸರ್, ನಿಮ್ಮ ಇಪ್ಪತ್ತನಾಲ್ಕನೆಯ ವಾರ್ಷಿಕೋತ್ಸವಕ್ಕೆ ಶುಭಾಶಯ," ಎಂದಳು.

"ಇಪ್ಪತ್ತೈದನೆಯದು," ಎಂದು ತಿದ್ದಿದೆ.

"ತಂಬಿಗೆಯ ಪ್ರಕಾರ ಇಪ್ಪತ್ತನಾಲ್ಕು, ಸರ್."

ಮತ್ತೆ ಬೆರಳು ಮಡಿಚಿದೆ. ಮೊದಲನೇ ಬೆರಳನ್ನು ಲಗ್ನದ ವರ್ಷಕ್ಕೇ ಮಡಿಚಿದ್ದೆ. ತಕ್ಕಡಿ ಸೊನ್ನೆಯಿಂದ ಶುರುವಾಗಿಲ್ಲ ಎಂದು ಎಷ್ಟು ಜನರ ವರದಿ ಹಿಂದಕ್ಕೆ ಕಳಿಸಿದವನು ನಾನು!

ಹೆಂಡತಿಯ ಕಡೆ ತಿರುಗಿದೆ. "ನಿನಗ ಗೊತ್ತಿತ್ತೇನು?"

"ಆ ತಾರೀಖು ಇಪ್ಪತ್ನಾಕು ವರ್ಷದಿಂದ ದಿನಾ ಹುಣಸಿಹಣ್ಣು ಹಚ್ಚಿ ತಿಕ್ಕಾಕತ್ತೀನಿ. ನನಗ ಗೊತ್ತಿರಂಗಿಲ್ಲೇನು?"

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ಮುಂದಿನ ವರ್ಷ ಅಂತಿದ್ರಿ. ಇನ್ನೊಂದು ವರ್ಷ ಟೈಂ ಕೊಟ್ಟಿದ್ರ ನಿಮ್ಮ ಪ್ರಶ್ನಿ ನಲವತ್ತೆರಡಕ್ಕ ನಿಲ್ತಿದ್ವೇನು?" ಎಂದಳು. ಆಮೇಲೆ ಮಂಚದ ಮೇಲೆ ತೆರೆದಿಟ್ಟಿದ್ದ ಚೀಲದಿಂದ ಸೀರೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ನಾನು ಏನು ಮಾಡುತ್ತೇನೆ ಎಂದು ಅವಳಿಗೆ ಖಾತ್ರಿಯಿತ್ತು. ನಿಜ ಹೇಳಬೇಕೆಂದರೆ, ನನಗೂ ಇತ್ತು.

ಮೂರನೇ ಸೀರೆ ಹೊರಗೆ ಬರುವಷ್ಟರಲ್ಲಿ ನಾನು ಫೋನಿನಲ್ಲಿ ಹೇಳಿದೆ: "ತಪ್ಪು ನನ್ನದು. ಕೇಕು, ದೋಣಿ ತೆಗೆದುಹಾಕಿ. ಸಾದಾ ಕೋಣೆ ಕೊಡಿ. ಅದೇ ತಾರೀಖಿಗೆ ಬರುತ್ತೇವೆ."

"ಆಗಲಿ ಸರ್. ಮತ್ತೇನಾದರೂ ಪ್ರಶ್ನೆ ಇದೆಯೇ?"

ಹೆಂಡತಿ ಸೀರೆ ಕೈಯಲ್ಲಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಇಲ್ಲ," ಎಂದೆ.

ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ನಮ್ಮ ಕೈಚೀಲ ಯಂತ್ರದೊಳಗೆ ಹೋಗಿ ಅಲ್ಲಿಯೇ ನಿಂತಿತು. ಸಮವಸ್ತ್ರದವನು ಚೀಲ ಬಿಚ್ಚಿಸಿದ. ಮೊದಲು ಕಡಕ್ ರೊಟ್ಟಿ, ಆಮೇಲೆ ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ. ಅದರ ಕೆಳಗೆ ಟವೆಲಿನಲ್ಲಿ ಸುತ್ತಿದ ತಂಬಿಗೆ.

"ಯೇ ಕ್ಯಾ ಹೈ, ಅಮ್ಮಾ?"

"ಹಮಾರಾ ಶಾದೀ ಕಾ ಸರ್ಟಿಫಿಕೇಟ್ ಹೈ, ಭಯ್ಯಾ," ಅಂದಳು ಹೆಂಡತಿ. ನಾನು ಕಣ್ಣು ಬಿಟ್ಟಿದ್ದಕ್ಕೆ, "ನೀವ ಹೇಳೀರಲ್ರಿ, ಝೆರಾಕ್ಸ್ ನಡಿಯಂಗಿಲ್ಲ, ಮೂಲ ಪ್ರತಿ ಬೇಕಂತ," ಅಂದಳು.

ಅವನು ತಂಬಿಗೆ ತಿರುಗಿಸಿ ಇಸವಿ ಓದಿದ. ಬೆರಳು ಮಡಿಚಿ ಎಣಿಸಿದ. ಮೊದಲನೇ ಬೆರಳನ್ನು ಲಗ್ನದ ವರ್ಷಕ್ಕೇ ಮಡಿಚಿದ್ದು ನಾನು ಸ್ಪಷ್ಟವಾಗಿ ನೋಡಿದೆ.

"ಪಚ್ಚೀಸ್ ಸಾಲ್! ಮುಬಾರಕ್ ಹೋ, ಸಾಬ್!"

ನಾನು ತಿದ್ದಲೆಂದು ಬಾಯಿ ತೆರೆದೆ. ಹೆಂಡತಿ ನನ್ನ ಕಡೆ ನೋಡಿದಳು.

"ಶುಕ್ರಿಯಾ," ಎಂದೆ.