ಮ್ಯಾನ್‌ಹೋಲ್ ಮೇಲೊಂದು ಕೊಡೆ

ನಾವು ಮುಚ್ಚಳ ತೆಗೆದ ಕಡೆಯೆಲ್ಲ ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ರಾಜಾಜಿನಗರದಿಂದ ಕೆಂಗೇರಿವರೆಗೆ ಹಳೇ ಒಳಚರಂಡಿ ಪೈಪುಗಳು ಎಲ್ಲೆಲ್ಲಿ ಒಡೆದಿವೆ ಅಂತ ಈಗ ಒಳಗೆ ಡ್ರೋನ್ ಬಿಟ್ಟು ನೋಡ್ತಾರೆ. ಅದನ್ನು ಹಾರಿಸೋಳು ಹುಬ್ಬಳ್ಳಿ ಕಡೆ ಹುಡುಗಿ. ಡ್ರೋನ್ ಕ್ಯಾಮೆರಾ ಕಂಡದ್ದನ್ನು ತೋರಿಸೋ ಅವಳ ಟಿವಿ ಮೇಲೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿಯೋನು ನಾನು. ಇದೂ ಒಂದು ಉದ್ಯೋಗ.

ಮುಚ್ಚಳ ಎತ್ತೋರು ನಮ್ಮ ಭಾವ, ಅಕ್ಕನ ಗಂಡ. ಮೊದಲು ಒಳಗೆ ಇಳೀತಿದ್ದವರೂ ಅವರೇ. ಒಂದ್ಸಲ ಗ್ಯಾಸ್ ಕುಡಿದು ಒಳಗೇ ಬಿದ್ದರು. ಈಗ ಮಾತಾಡಿದರೂ ಏದುಸಿರು. ಇನ್ನೊಂದ್ಸಲ ಇಳಿದರೆ ಉಳಿಯೋದು ಕಷ್ಟ ಅಂತ ಡಾಕ್ಟರು ಹೇಳಿದಾರೆ. ಅದಕ್ಕೇ ಡ್ರೋನ್ ಸ್ವಲ್ಪ ಗೊರಗೊರ ಅಂದರೂ, ಇದು ಕೆಟ್ಟರೆ ಮತ್ತೆ ಭಾವನನ್ನೇ ಇಳಿಸ್ತಾರೇನೋ ಅಂತ ನನಗೆ ಭಯ.

ಪೂಜೆ

ಮೊದಲ ದಿನ ವಿಜಯನಗರದಲ್ಲಿ ಕಂಟ್ರಾಕ್ಟರು ಡ್ರೋನಿಗೆ ಪೂಜೆ ಮಾಡಿಸಿದರು. ಹೂವು, ಊದುಬತ್ತಿ, ಬೂದುಗುಂಬಳಕಾಯಿ, ಯಾವುದೂ ಕಮ್ಮಿ ಇಲ್ಲ. ಒಳಗೆ ಹೋದ ಮೇಲೆ ನೋಡಿದರೆ ಟಿವಿ ತುಂಬ ಕೆಂಪು.

"ಏನ್ರೀ ಇದು, ಪೈಪೆಲ್ಲ ಕೆಂಪಗೈತಿ" ಅಂದಳು ಹುಡುಗಿ.

ವಾಪಸ್ ಕರೆಸಿದೆವು. ಕ್ಯಾಮೆರಾ ಕಣ್ಣಿಗೇ ಕುಂಕುಮ ಮೆತ್ತಿದಾರೆ. ಒರೆಸೋಕೆ ಹೋದರೆ ಕಂಟ್ರಾಕ್ಟರು, "ಅಳಿಸಬೇಡಿ, ಅಪಶಕುನ" ಅಂತಾರೆ.

ಭಾವ ನನ್ನ ಕಿವೀಲಿ, "ಅಷ್ಟು ವರ್ಷ ನಾನಿಳಿದೆ ಕಣೋ, ನನಗೆ ಒಂದು ಊದುಬತ್ತೀನೂ ಯಾರೂ ಹಚ್ಚಲಿಲ್ಲ" ಅಂದರು.

"ಹಚ್ಚೋ ಹಾಗಾಗಿತ್ತು ಭಾವ, ಸ್ವಲ್ಪದರಲ್ಲಿ ತಪ್ತು" ಅಂದೆ.

ಹಲ್ಲಿನ ಸೆಟ್ಟು

ಬಸವೇಶ್ವರನಗರದಲ್ಲಿ ಒಬ್ಬರು ಆಂಟಿ ಗೇಟಿನಿಂದ ಓಡಿ ಬಂದರು.

"ನಮ್ಮನೆಯವರ ಹಲ್ಲಿನ ಸೆಟ್ಟು ಟಾಯ್ಲೆಟ್ಟಲ್ಲಿ ಬಿದ್ದೋಗಿದೆ ಕಣಪ್ಪ. ನಿಮ್ಮ ಟಿವೀಲಿ ಕಾಣುತ್ತಾ?"

ಕಾಣಿಸ್ತು. ಪೈಪು ಒಡೆದ ಜಾಗದಲ್ಲಿ, ಕೊಚ್ಚೆ ಮಧ್ಯೆ ಕೂತು ನಗ್ತಿತ್ತು. ಆಂಟಿ ಖುಷಿಯಾಗಿ ಭಾವನ ಕಡೆ ತಿರುಗಿ, "ಚೂರು ಇಳಿದು ತಂದುಕೊಡಪ್ಪ, ಕಾಫಿ ಕೊಡ್ತೀನಿ" ಅಂದರು. ಒಂದು ಲೋಟ ಕಾಫಿಗೆ ನಮ್ಮ ಭಾವ!

"ತಂದರೂ ಅಂಕಲ್ ಬಾಯಿಗಿಡ್ತಾರಾ ಆಂಟಿ?" ಅಂದೆ.

"ಅವರಿಗೆ ಯಾರು ಹೇಳ್ತಾರೆ ಬಿಡಪ್ಪ" ಅಂದರು.

ಅತ್ತಿಗುಪ್ಪೆಯಲ್ಲಿ

ಅಲ್ಲಿ ಪೈಪಿನೊಳಗೆ ಅರಳಿಮರದ ಬೇರು ನುಗ್ಗಿತ್ತು. ಡ್ರೋನ್ ಅದರಲ್ಲಿ ಸಿಕ್ಕಿಹಾಕ್ಕೊಂಡು ಟಿವಿ ಕಪ್ಪಾಯ್ತು. ಕಂಟ್ರಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು.

"ಪಾಪ, ಎಷ್ಟೊತ್ತಿಂದ ಒಳಗಿದೆ" ಅಂದರು. ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಆಮೇಲೆ ಭಾವನಿಗೆ, "ಒಂದೇ ಒಂದ್ಸಲ ಇಳಿದುಬಿಡು ಮಾರಾಯ. ಹೀಗೆ ಹೋಗಿ ಹಾಗೆ ಬರೋದು" ಅಂದರು.

ಮನುಷ್ಯ ಇಳೀಬಾರದು ಅಂತ ಡ್ರೋನ್ ತಂದಿದ್ದು. ಈಗ ಡ್ರೋನ್ ತರೋಕೆ ಮನುಷ್ಯ ಇಳೀಬೇಕಂತೆ. ನನಗೆ ಅಕ್ಕನ ಮುಖ ಕಣ್ಮುಂದೆ ಬಂತು. ಕೊಡೆ ಮಡಚಿ ಅಡ್ಡ ನಿಂತೆ. ಹುಡುಗಿ, "ಅವರನ್ನ ಇಳಿಸಬ್ಯಾಡ್ರೀ" ಅಂದಳು.

ಭಾವ ಇಬ್ಬರನ್ನೂ ಪಕ್ಕಕ್ಕೆ ಸರಿಸಿದರು. ಬಗ್ಗಿದರು. ಇಳಿದೇಬಿಟ್ಟರು ಅಂದ್ಕೊಂಡೆ. ಅವರು ಮುಚ್ಚಳ ಎಳೆದು ದಬ್ ಅಂತ ಮುಚ್ಚಿ, ಅದರ ಮೇಲೇ ಕೂತು ಸುಧಾರಿಸ್ಕೊಂಡರು.

"ಅಯ್ಯೋ, ಅದು ಒಳಗೇ ಇದೆಯಲ್ಲೋ" ಅಂದರು ಕಂಟ್ರಾಕ್ಟರು.

"ಇರಲಿ ಬಿಡಿ ಸಾರ್" ಅಂದರು ಭಾವ. "ಅದಕ್ಕೇನು ಉಸಿರು ಕಟ್ಟುತ್ತಾ?"